ಹಳೇ ಕಾರಿನ ಒಳಗೆ ಏನು ಮಾಡಿಸಬೇಕು, ಯಾವುದನ್ನು ಮೊದಲು ಮಾಡಿಸಬೇಕು

ಹಳೇ ಕಾರಿಗೆ ಒಳಗಡೆ ಏನಾದರೂ ಹಾಕಿಸೋಣ ಅಂದ ಕೂಡಲೇ ಎಲ್ಲರ ಬಾಯಿಗೆ ಮೊದಲು ಬರುವುದು ದೊಡ್ಡ ಆಂಡ್ರಾಯ್ಡ್ ಸ್ಕ್ರೀನ್. ಅಂಗಡಿಯವರಿಗೂ ಅದನ್ನು ಮಾರುವುದೇ ಲಾಭ. ಆದರೆ 2008-10ರ ಆಲ್ಟೋ, ಸ್ಯಾಂಟ್ರೋ, ವ್ಯಾಗನ್ ಆರ್ ಇಟ್ಟುಕೊಂಡವರ ದಿನನಿತ್ಯದ ಕಿರಿಕಿರಿಯೇ ಬೇರೆ. ಡೋರು ಕಟಕಟ ಅನ್ನುತ್ತದೆ. ತಲೆ ಮೇಲಿನ ಬಟ್ಟೆ ಜೋತು ಬಿದ್ದಿದೆ. ಡ್ರೈವರ್ ಸೀಟು ಒಂದು ಕಡೆ ಕುಸಿದಿದೆ. ರಾತ್ರಿ ಒಳಗಿನ ಲೈಟು ಹಾಕಿದರೆ ಬಿದ್ದ ಚಿಲ್ಲರೆ ಕೂಡ ಕಾಣುವುದಿಲ್ಲ. ಇದನ್ನೆಲ್ಲ ಹಾಗೇ ಬಿಟ್ಟು ಇಪ್ಪತ್ತು ಸಾವಿರದ ಸ್ಕ್ರೀನ್ ಹಾಕಿಸಿದರೆ ಏನು ಬಂತು?

ಅದಕ್ಕೇ ನಾನು ಹೇಳುವ ಕ್ರಮ ಇದು. ಹಳೆಯದಾಗಿ ಸಡಿಲಾಗಿದ್ದನ್ನು ಮೊದಲು ಸರಿಮಾಡಿ. ಆಮೇಲೆ ಸೀಟು, ಲೈಟು. ಕೊನೆಗೆ ಸ್ಟೀರಿಯೋ, ಚಾರ್ಜರ್, ಕ್ಯಾಮೆರಾ.

ಶುರು ಮಾಡುವ ಮುಂಚೆ ಒಂದು ಮಾತು. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಗಾಡಿ ತೋರಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ನಿಮ್ಮ ಕಾರು ಆ ಗಡಿಯ ಹತ್ತಿರ ಇದ್ದರೆ, ಇಲ್ಲವೇ ದಾಟಿದ್ದರೆ, ಮೊದಲು ತಳದ ತುಕ್ಕು, ಬ್ರೇಕು, ಎಂಜಿನ್ ನೋಡಿಸಿ. ಇನ್ನೂ ನಾಲ್ಕೈದು ವರ್ಷ ಇಟ್ಟುಕೊಳ್ಳುವ ಕಾರು ಅಂತ ಖಾತ್ರಿ ಆದಮೇಲೆ ಒಳಗೆ ದುಡ್ಡು ಹಾಕಿ.

ಸಾಮಾನು ಜಾಸ್ತಿ ಬೇಡ. ಒಂದು ಸ್ಟಾರ್ ಸ್ಕ್ರೂಡ್ರೈವರ್, 10, 12, 14 ಎಂಎಂ ಸಾಕೆಟ್, ಟ್ರಿಮ್ ಅಂದರೆ ಒಳಗಿನ ಹೊದಿಕೆ ಭಾಗಗಳನ್ನು ಮೀಟಿ ತೆಗೆಯುವ ಪ್ಲಾಸ್ಟಿಕ್ ಪಟ್ಟಿಗಳು, ವೋಲ್ಟು ಕರೆಂಟು ಅಳೆಯುವ ಒಂದು ಸಾಧಾರಣ ಮಲ್ಟಿಮೀಟರ್, ಬಟ್ಟೆ ಟೇಪು, ಕೇಬಲ್ ಟೈ. ಕಬ್ಬಿಣದ ಸ್ಕ್ರೂಡ್ರೈವರ್ ಹಾಕಿ ಡ್ಯಾಶ್‌ಬೋರ್ಡ್ ಮೀಟಬೇಡಿ. ಹಳೇ ಪ್ಲಾಸ್ಟಿಕ್ ಬಿಸಿಲಿಗೆ ಒಣಗಿ ಗರಿಗರಿ ಆಗಿರುತ್ತದೆ, ಮೀಟಿದ ಕಡೆ ಗುರುತು ಶಾಶ್ವತ. ಬೆಂಗಳೂರಿನಲ್ಲಿದ್ದರೆ ಕ್ಲಿಪ್ಪು, ಬೀಡಿಂಗು, ಮ್ಯಾಟಿಗೆ ಜೆ.ಸಿ. ರಸ್ತೆ, ಮಲ್ಟಿಮೀಟರ್, ಸ್ಲೀವು, ವೈರಿಗೆ ಎಸ್.ಪಿ. ರಸ್ತೆ. ಬೇರೆ ಊರಿನಲ್ಲಿ ಆಟೋಮೊಬೈಲ್ ಬಿಡಿಭಾಗದ ಅಂಗಡಿಗಳ ಸಾಲು ಎಲ್ಲಿದೆ ಅಂತ ನಿಮ್ಮ ಮೆಕ್ಯಾನಿಕ್ಕನ್ನೇ ಕೇಳಿ. ಈಗ ಎಲ್ಲೂ ಸಿಗದ ಗ್ಲೋವ್ ಬಾಕ್ಸ್ ಬಾಗಿಲು, ಎಸಿ ಗಾಳಿಯ ಜಾಲರಿ, ವೈಂಡಿಂಗ್ ಹಿಡಿಕೆ ಇಂಥವಕ್ಕೆ ಗುಜರಿಯೇ ಗತಿ, ಶಿವಾಜಿನಗರದ ಕಡೆ ಒಂದು ಸುತ್ತು ಹಾಕಿ. ಹೋಗುವಾಗ ಮುರಿದ ಪೀಸನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಬೇಕು. ಒಂದೇ ಹೆಸರಿನ ಕಾರಿನಲ್ಲೂ ವರ್ಷದಿಂದ ವರ್ಷಕ್ಕೆ ಭಾಗ ಬದಲಾಗಿರುತ್ತದೆ.

ಮೊದಲು ನೆಲ, ಆಮೇಲೆ ಸದ್ದು

ಸೀಟುಗಳನ್ನು ಹೊರಗೆ ತೆಗೆದು ನೆಲದ ಕಾರ್ಪೆಟ್ ಎತ್ತಿ ನೋಡಿ. ಮುಂದಿನ ಸೀಟು ಸಾಮಾನ್ಯವಾಗಿ ನಾಲ್ಕು ಬೋಲ್ಟಿನ ಮೇಲೆ ನಿಂತಿರುತ್ತದೆ, ಅಂಥ ಕಷ್ಟವೇನಲ್ಲ. ಸೀಟಿನ ಕೆಳಗೆ ಹಳದಿ ಬಣ್ಣದ ಕನೆಕ್ಟರ್ ಕಂಡರೆ ಮಾತ್ರ ಅಲ್ಲೇ ನಿಲ್ಲಿಸಿ, ಅದು ಏರ್‌ಬ್ಯಾಗಿಗೋ ಬೆಲ್ಟಿಗೋ ಸೇರಿದ್ದು. ಮಲೆನಾಡು, ಕರಾವಳಿಯಲ್ಲಿ ಓಡಿದ ಕಾರಾದರೆ ಕಾರ್ಪೆಟ್ ಕೆಳಗಿನ ಫೋಮು ಒದ್ದೆ ಇರುವ ಸಾಧ್ಯತೆ ಬಹಳ. ಕಾರಿನೊಳಗೆ ಬರುವ ಆ ಮುಗ್ಗಲು ವಾಸನೆಗೆ ಕಾರಣ ಅದೇ, ಎಷ್ಟು ಪರ್ಫ್ಯೂಮ್ ತೂಗುಹಾಕಿದರೂ ಹೋಗುವುದಿಲ್ಲ. ಎಡಗಡೆ ಸೀಟಿನವರ ಕಾಲಿನ ಹತ್ತಿರ ಮಾತ್ರ ಒದ್ದೆ ಇದ್ದರೆ ಬಹುಮಟ್ಟಿಗೆ ಅದು ಎಸಿ ನೀರು. ಹೊರಗೆ ಹೋಗಬೇಕಾದ ಸಣ್ಣ ರಬ್ಬರ್ ಪೈಪು ಕಸ ಕಟ್ಟಿಕೊಂಡು ನೀರು ಒಳಗೆ ಇಳಿಯುತ್ತಿರುತ್ತದೆ. ಎಸಿ ಹಾಕಿ ನಿಲ್ಲಿಸಿದಾಗ ಕಾರಿನ ಕೆಳಗೆ ನೀರು ತೊಟ್ಟಿಕ್ಕುತ್ತಿಲ್ಲ ಅಂದರೆ ಅನುಮಾನ ಪಡಿ. ಅದನ್ನು ಬಿಡಿಸಿ, ಕಾರ್ಪೆಟನ್ನು ಬಿಸಿಲಿಗೆ ಹಾಕಿ ಪೂರ್ತಿ ಒಣಗಿಸಿ, ತಳದಲ್ಲಿ ತುಕ್ಕು ಕಂಡರೆ ಉಜ್ಜಿ ಪ್ರೈಮರ್ ಬಳಿಯಿರಿ.

ಈಗ ಎಲ್ಲರೂ ಹಾಕಿಸುವ 7ಡಿ ಮ್ಯಾಟಿನ, ಅಂದರೆ ನೆಲವನ್ನು ಪೂರ್ತಿ ಮುಚ್ಚುವ ಕೃತಕ ಚರ್ಮದ ದಪ್ಪ ಮ್ಯಾಟಿನ ಬಗ್ಗೆ ನನಗೆ ಅಷ್ಟು ಒಲವಿಲ್ಲ. ನೋಡಲು ಚೆನ್ನ, ಒರೆಸಲು ಸುಲಭ. ಆದರೆ ಅಡಿಗೆ ನೀರು ಹೋದರೆ ವಾರಗಟ್ಟಲೆ ಒಣಗುವುದಿಲ್ಲ, ನಿಮಗೆ ಗೊತ್ತೂ ಆಗುವುದಿಲ್ಲ. ಮಳೆ ಜಾಸ್ತಿ ಇರುವ ಊರಿಗೆ ಅಂಚು ಎತ್ತರಿಸಿದ ರಬ್ಬರ್ ಮ್ಯಾಟೇ ಸರಿ, ತೆಗೆದು ಕೊಡವಿ ತೊಳೆದು ಹಾಕಬಹುದು. ಯಾವ ಮ್ಯಾಟಾದರೂ ಡ್ರೈವರ್ ಕಡೆಯದು ಜಾರಿ ಪೆಡಲ್ ಕೆಳಗೆ ಹೋಗಬಾರದು. ಕ್ಲಚ್, ಬ್ರೇಕು, ಆಕ್ಸಿಲರೇಟರ್ ಮೂರನ್ನೂ ಪೂರ್ತಿ ಒತ್ತಿ ನೋಡಿ. ಹಳೇ ಮ್ಯಾಟಿನ ಮೇಲೆ ಹೊಸ ಮ್ಯಾಟು ಹಾಸುವ ಅಭ್ಯಾಸ ಬಿಡಿ.

ಸದ್ದಿಗೆ ಬರೋಣ. ಸದ್ದು ಎಲ್ಲಿಂದ ಬರುತ್ತಿದೆ ಅಂತ ಹಿಡಿಯುವುದೇ ಅರ್ಧ ಕೆಲಸ. ಬೇರೆಯವರ ಕೈಗೆ ಸ್ಟೀರಿಂಗ್ ಕೊಟ್ಟು, ನೀವು ಪಕ್ಕದಲ್ಲಿ ಕೂತು ಒಂದೊಂದೇ ಭಾಗವನ್ನು ಕೈಯಲ್ಲಿ ಒತ್ತಿ ಹಿಡಿಯಿರಿ, ಒತ್ತಿದಾಗ ಸದ್ದು ನಿಂತರೆ ಕಳ್ಳ ಸಿಕ್ಕ. ಅದಕ್ಕೂ ಮುಂಚೆ ಗ್ಲೋವ್ ಬಾಕ್ಸು, ಡೋರಿನ ಪಾಕೆಟ್ಟು, ಡಿಕ್ಕಿ ಪೂರ್ತಿ ಖಾಲಿ ಮಾಡಿ. ಎಷ್ಟೋ ಸಲ ಜಾಕು, ಅದರ ರಾಡು, ಸ್ಟೆಪ್ನಿ ಸಡಿಲಾಗಿ ಕುಣಿಯುತ್ತಿರುತ್ತವೆ. ಉಳಿದಂತೆ ಹಳೇ ಕಾರಿನ ಸದ್ದಿನ ಮನೆ ಡೋರ್ ಪ್ಯಾಡು. ಅದನ್ನು ಹಿಡಿದಿರುವ ಪ್ಲಾಸ್ಟಿಕ್ ಕ್ಲಿಪ್ಪುಗಳು ಒಂದೊಂದಾಗಿ ಮುರಿದಿರುತ್ತವೆ.

ಡೋರ್ ಪ್ಯಾಡ್ ತೆಗೆಯುವುದು ಹೀಗೆ. ಬ್ಯಾಟರಿಯ ಮೈನಸ್ ಕಳಚಿಡಿ. ಡೋರ್ ಎಳೆಯುವ ಹಿಡಿಯ ಒಳಗೆ, ಲಾಕ್ ಹಿಡಿಕೆಯ ಸುತ್ತ ಇರುವ ಸ್ಕ್ರೂಗಳನ್ನು ಬಿಚ್ಚಿ, ಕೆಲವು ಸಣ್ಣ ಮುಚ್ಚಳದ ಹಿಂದೆ ಅಡಗಿರುತ್ತವೆ. ಕೈಯಲ್ಲಿ ತಿರುಗಿಸುವ ಗ್ಲಾಸಾದರೆ ವೈಂಡಿಂಗ್ ಹಿಡಿಕೆಯ ಹಿಂದೆ ಕುದುರೆ ಲಾಳದ ಆಕಾರದ ತಂತಿ ಕ್ಲಿಪ್ ಇರುತ್ತದೆ. ಅದಕ್ಕೆ ವಿಶೇಷ ಟೂಲ್ ಬೇಕಿಲ್ಲ. ಹಳೇ ಬಟ್ಟೆಯ ತುಂಡೊಂದನ್ನು ಹಿಡಿಕೆ ಮತ್ತು ಪ್ಯಾಡಿನ ಸಂದಿಗೆ ತೂರಿಸಿ ಆ ಕಡೆ ಈ ಕಡೆ ಎಳೆದಾಡಿ, ಕ್ಲಿಪ್ ಟಕ್ ಅಂತ ಹಾರಿ ಬರುತ್ತದೆ. ಎಲ್ಲಿ ಹಾರಿತು ಅಂತ ನೋಡಿಕೊಳ್ಳಿ, ಇಲ್ಲದಿದ್ದರೆ ಸಂಜೆ ತನಕ ಹುಡುಕುವ ಕೆಲಸ. ಆಮೇಲೆ ಕೆಳಗಿನ ಮೂಲೆಯಿಂದ ಪಟ್ಟಿ ಹಾಕಿ ಒಂದೊಂದೇ ಕ್ಲಿಪ್ ಬಿಡಿಸುತ್ತಾ ಮೇಲಕ್ಕೆ ಬನ್ನಿ. ಪ್ಯಾಡನ್ನು ಕೊನೆಗೆ ಮೇಲಕ್ಕೆತ್ತಿ ತೆಗೆಯಬೇಕು. ಪವರ್ ವಿಂಡೋ ಸ್ವಿಚ್ಚಿನ ವೈರು ಅದಕ್ಕೆ ಅಂಟಿಕೊಂಡಿರುತ್ತದೆ, ಎಳೆಯಬೇಡಿ.

ಒಳಗೆ ಒಂದು ತೆಳು ಪ್ಲಾಸ್ಟಿಕ್ ಹಾಳೆ ಕಾಣುತ್ತದೆ. ಬಹಳ ಮೆಕ್ಯಾನಿಕ್‌ಗಳು ಅದನ್ನು ಹರಿದು ಬಿಸಾಡುತ್ತಾರೆ. ಹಾಗೆ ಮಾಡಿಸಿಕೊಳ್ಳಬೇಡಿ. ಗ್ಲಾಸಿನ ಪಕ್ಕದಿಂದ ಡೋರಿನೊಳಗೆ ಇಳಿಯುವ ಮಳೆ ನೀರು ಪ್ಯಾಡಿಗೆ, ಕಾರಿನ ನೆಲಕ್ಕೆ ಬರದ ಹಾಗೆ ತಡೆಯುವುದು ಆ ಹಾಳೆ. ಹರಿದು ಹೋಗಿದ್ದರೆ ದಪ್ಪ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಬ್ಯೂಟೈಲ್ ಟೇಪಿನಲ್ಲಿ (ರಬ್ಬರಿನಂಥ ಜಿಗುಟು ಟೇಪು) ಅಂಟಿಸಿ.

ಡೋರ್ ಬಿಚ್ಚಿದ್ದೇ ಹೌದಾದರೆ ತಗಡಿನ ನಡುಕ ತಗ್ಗಿಸುವ ಡ್ಯಾಂಪಿಂಗ್ ಶೀಟ್ ಕೂಡ ಹಾಕಿಬಿಡಿ. ಆಲ್ಟೋದ 796 ಸಿಸಿ ಮೂರು ಸಿಲಿಂಡರ್ ಎಂಜಿನ್ನಿನ ನಡುಕ ಎಲ್ಲರಿಗೂ ಗೊತ್ತು, ತೆಳು ತಗಡು ಅದಕ್ಕೆ ದನಿಗೂಡಿಸುತ್ತದೆ. ಒಂದು ಕಡೆ ಅಲ್ಯೂಮಿನಿಯಂ ಹಾಳೆ ಇರುವ, ಸುಮಾರು 2 ಎಂಎಂ ದಪ್ಪದ ಬ್ಯೂಟೈಲ್ ಶೀಟ್ ತಗೊಳ್ಳಿ. ಡಾಂಬರಿನದು ಅಗ್ಗ, ಆದರೆ ಏಪ್ರಿಲ್ ಬಿಸಿಲಿಗೆ ವಾಸನೆ ಬರುತ್ತದೆ, ಕರಗಿ ಜಾರುತ್ತದೆ. ಹೊರಗಿನ ತಗಡಿನ ಒಳಮೈಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಶೀಟ್ ಅಂಟಿಸಿ, ರೋಲರಿನಲ್ಲಿ ಗಟ್ಟಿಯಾಗಿ ಉಜ್ಜಿ. ತಗಡನ್ನು ಪೂರ್ತಿ ಮುಚ್ಚಬೇಕಾಗಿಲ್ಲ, ನಡುಭಾಗದಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗ ಮುಚ್ಚಿದರೆ ನಡುಕದ ಸದ್ದಿಗೆ ಸಾಕು. ಕೈಯಲ್ಲಿ ಬಡಿದು ನೋಡಿ, ಟಣ್ ಅನ್ನುತ್ತಿದ್ದ ಡೋರು ದಪ್ ಅನ್ನುತ್ತದೆ. ಎರಡು ಎಚ್ಚರ. ಡೋರಿನ ತಳದಲ್ಲಿ ನೀರು ಹೋಗಲು ಸಣ್ಣ ತೂತುಗಳಿರುತ್ತವೆ, ಅವನ್ನು ಮುಚ್ಚಿದರೆ ಡೋರು ಒಳಗಿಂದ ಕೊಳೆಯುತ್ತದೆ. ಗ್ಲಾಸು ಇಳಿಯುವ ಜಾಗಕ್ಕೆ ಶೀಟ್ ಅಡ್ಡ ಬರಬಾರದು, ಪ್ಯಾಡ್ ಹಾಕುವ ಮುಂಚೆಯೇ ಗ್ಲಾಸ್ ಪೂರ್ತಿ ಇಳಿಸಿ ನೋಡಿ.

ಹಾಗೇ ಗ್ಲಾಸಿನ ರಬ್ಬರ್ ಚಾನೆಲ್ಲಿಗೆ ಸಿಲಿಕೋನ್ ಸ್ಪ್ರೇ ಹೊಡೆಯಿರಿ. ನಿಧಾನ ಆದ ಪವರ್ ವಿಂಡೋಗಳಲ್ಲಿ ಅರ್ಧಕ್ಕರ್ಧ ಇಷ್ಟಕ್ಕೇ ಸರಿಹೋಗುತ್ತವೆ, ಮೋಟರ್ ಬದಲಿಸುವ ಖರ್ಚು ಉಳಿಯುತ್ತದೆ. ಗ್ರೀಸು, ಎಣ್ಣೆ ಬೇಡ, ಧೂಳು ಅಂಟಿ ಇನ್ನೂ ಬಿಗಿಯಾಗುತ್ತದೆ. ಮತ್ತೆ ಹಾಕುವಾಗ ಕ್ಲಿಪ್ಪುಗಳನ್ನೆಲ್ಲ ಹೊಸದೇ ಹಾಕಿ, ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ತಾಗುವ ಕಡೆ ಬಟ್ಟೆ ಟೇಪು ಸುತ್ತಿ.

ತಲೆ ಮೇಲೆ, ಸೊಂಟದ ಕೆಳಗೆ

ಜೋತು ಬಿದ್ದ ರೂಫ್ ಲೈನಿಂಗಿಗೆ ಫೆವಿಕಾಲ್ ಹಚ್ಚಿ ಅಂಟಿಸುವವರು, ಗುಂಡುಪಿನ್ ಚುಚ್ಚುವವರು ಬಹಳ ಜನ. ನಿಲ್ಲುವುದಿಲ್ಲ. ಬಟ್ಟೆಯ ಹಿಂದೆ ತೆಳುವಾದ ಫೋಮಿನ ಪದರ ಇರುತ್ತದೆ, ವರ್ಷಗಳ ಬಿಸಿಗೆ ಅದು ಪುಡಿಯಾಗಿರುತ್ತದೆ. ಪುಡಿಯ ಮೇಲೆ ಯಾವ ಅಂಟು ನಿಲ್ಲುತ್ತದೆ ಹೇಳಿ. ಲೈನಿಂಗಿನ ಬೋರ್ಡನ್ನು ಹೊರಗೆ ತೆಗೆದು, ಹಳೇ ಫೋಮನ್ನು ಪೂರ್ತಿ ಉಜ್ಜಿ ತೆಗೆದು, ಫೋಮು ಸೇರಿದ ಹೊಸ ಬಟ್ಟೆಯನ್ನು ಬಿಸಿ ತಡೆಯುವ ಅಂಟಿನಿಂದ ಕೂರಿಸಬೇಕು. ಇದನ್ನು ಕಾರಿನ ಕುಶನ್ ಕೆಲಸ ಮಾಡುವವರಿಗೆ ಬಿಡುವುದೇ ಒಳ್ಳೆಯದು. ನೀವು ಮಾಡಬೇಕಾದ್ದು ಇಷ್ಟೇ: ಹಳೇ ಫೋಮು ಉಜ್ಜಿ ತೆಗೆದ ಮೇಲೆ, ಹೊಸ ಬಟ್ಟೆ ಹಾಕುವ ಮುಂಚೆ, ಒಮ್ಮೆ ಹೋಗಿ ಕಣ್ಣಾರೆ ನೋಡಿ. ಬಣ್ಣ ತಿಳಿ ಬೂದಿಯೇ ಇರಲಿ, ಕಪ್ಪು ಹಾಕಿಸಿದರೆ ಸಣ್ಣ ಕಾರು ಗೂಡಿನ ಹಾಗೆ ಕಾಣುತ್ತದೆ.

ಸೀಟಿನ ವಿಷಯದಲ್ಲೂ ಹಾಗೇ. ಕುಸಿದ ಸೀಟಿಗೆ ದುಬಾರಿ ಕವರ್ ಹಾಕಿಸುವ ಬದಲು ಮೊದಲು ಒಳಗಿನ ಫೋಮು ಸರಿಮಾಡಿಸಿ. ಡ್ರೈವರ್ ಸೀಟಿನಲ್ಲಿ ಬಾಗಿಲ ಕಡೆಯ ಅಂಚು ಮೊದಲು ಸವೆಯುತ್ತದೆ, ಹತ್ತಿ ಇಳಿಯುವಾಗ ಭಾರ ಬೀಳುವುದು ಅಲ್ಲೇ. ಕುಶನ್ ಅಂಗಡಿಯವರು ಆ ಭಾಗ ಕತ್ತರಿಸಿ ಗಟ್ಟಿ ಫೋಮು ಸೇರಿಸಿ ಕೊಡುತ್ತಾರೆ, ಒಂದು ಅರ್ಧ ದಿನದ ಕೆಲಸ. ದೂರ ಓಡಿಸುವವರ ಸೊಂಟಕ್ಕೆ ಇದಕ್ಕಿಂತ ಒಳ್ಳೆಯ ಖರ್ಚು ಇಲ್ಲ. ಕವರ್ ಬೇಕೇ ಬೇಕು ಅಂದರೆ, ಬಿಸಿಲಲ್ಲಿ ನಿಲ್ಲುವ ಕಾರಿಗೆ ಬಟ್ಟೆಯದೇ ಹಿತ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ರೆಕ್ಸಿನ್ ಸೀಟಿನ ಮೇಲೆ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಕ್ಕಳಿರುವ ಮನೆಯಾದರೆ, ಒರೆಸಿದರೆ ಹೋಗಬೇಕು ಅನ್ನುವವರಾದರೆ, ಆರ್ಟ್ ಲೆದರ್ ಸರಿ.

ಒಂದನ್ನು ಮಾತ್ರ ಪಟ್ಟು ಹಿಡಿದು ಮಾಡಿಸಿ. ಕವರ್ ಹಾಕುವವರು ಹಿಂದಿನ ಸೀಟಿನ ಬೆಲ್ಟಿನ ಬಕಲ್‌ಗಳನ್ನು ಕವರಿನ ಕೆಳಗೆ ಹೂತುಬಿಡುತ್ತಾರೆ. ಬಹಳಷ್ಟು ಹಳೇ ಕಾರುಗಳಲ್ಲಿ ಅವು ಎಂದೋ ಸೀಟಿನ ಅಡಿ ಸೇರಿ ಮಣ್ಣು ಹಿಡಿದಿರುತ್ತವೆ. ಸೀಟು ಎತ್ತಿದಾಗ ಅವನ್ನು ಹೊರಗೆ ತೆಗೆದು, ತೊಳೆದು, ಕ್ಲಿಕ್ ಅಂತ ಕೂರುತ್ತದಾ ನೋಡಿ, ಕವರಿನಲ್ಲಿ ಅದಕ್ಕೆ ಸರಿಯಾದ ಸೀಳು ಮಾಡಿಸಿ ಮೇಲೆ ಕಾಣುವಂತೆ ಇಡಿಸಿ. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇರುವ ಕಾರಾದರೆ ಆ ಕಡೆ ಹೊಲಿಗೆ ಬಿಚ್ಚಿಕೊಳ್ಳುವ ವಿಶೇಷ ಕವರೇ ಬೇಕು. ಡ್ಯಾಶ್‌ಬೋರ್ಡಿನಲ್ಲಿ ಎಡಗಡೆಗೆ ಏರ್‌ಬ್ಯಾಗ್ ಅಂತ ಬರೆದಿದ್ದರೆ ಅದರ ಮೇಲೆ ಗಣಪನ ಮೂರ್ತಿ, ಫೋನ್ ಹೋಲ್ಡರ್ ಯಾವುದನ್ನೂ ಅಂಟಿಸಬೇಡಿ, ಸ್ವಲ್ಪ ಪಕ್ಕಕ್ಕೆ ಕೂರಿಸಿ.

ವೈರಿಗೆ ಕೈ ಹಾಕುವ ಮುಂಚೆ

ಒಳಗಿನ ಲೈಟು ಬದಲಿಸುವುದು ಐದು ನಿಮಿಷದ ಕೆಲಸ. ಮುಚ್ಚಳ ತೆಗೆದರೆ ಎರಡು ತುದಿಯಲ್ಲೂ ಲೋಹದ ಟೋಪಿ ಇರುವ ಉದ್ದನೆಯ ಬಲ್ಬ್ ಕಾಣುತ್ತದೆ. ಅದರ ಉದ್ದ ಅಳೆದು, 31 ಅಥವಾ 36 ಎಂಎಂ ಇರಬಹುದು, ಅದೇ ಅಳತೆಯ ಎಲ್‌ಇಡಿ ತನ್ನಿ. ಹಾಕಿದ ಮೇಲೆ ಉರಿಯದಿದ್ದರೆ ತಿರುಗಿಸಿ ಹಾಕಿ, ಎಲ್‌ಇಡಿಗೆ ಪ್ಲಸ್ ಮೈನಸ್ ವ್ಯತ್ಯಾಸ ಇದೆ. ಕಣ್ಣು ಕುಕ್ಕುವ ನೀಲಿ ಬಿಳಿ ಬೇಡ, ಸ್ವಲ್ಪ ಹಳದಿ ಕಡೆಯದು ತಗೊಳ್ಳಿ. ಇದರಲ್ಲಿ ಇನ್ನೊಂದು ಲಾಭ ಇದೆ. ಹಳೇ 10 ವ್ಯಾಟಿನ ಬಲ್ಬು ಸುಮಾರು 0.8 ಆಂಪಿಯರ್ ಎಳೆಯುತ್ತದೆ, ಡೋರು ಸರಿಯಾಗಿ ಮುಚ್ಚದೆ ರಾತ್ರಿ ಉಳಿದರೆ ಸಣ್ಣ ಕಾರಿನ 35 ಎಎಚ್ (ಆಂಪಿಯರ್ ಗಂಟೆ) ಬ್ಯಾಟರಿ, ಅದರಲ್ಲೂ ಹಳೆಯದಾದರೆ, ಬೆಳಿಗ್ಗೆ ಕೈ ಕೊಡಬಹುದು. ಎಲ್‌ಇಡಿ ಅದರ ಹತ್ತರಲ್ಲಿ ಒಂದು ಪಾಲು ಎಳೆಯುತ್ತದೆ.

ಸ್ಟೀರಿಯೋಗೆ ಬಂದರೆ, ಹಳೇ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಇರುವುದು ಸಿಂಗಲ್ ಡಿನ್ ಅನ್ನುವ ಅಳತೆಯ ಜಾಗ, 180 × 50 ಎಂಎಂ. ಅದರಲ್ಲಿ ಕೂರುವ ಬ್ಲೂಟೂತ್ ಸೆಟ್ಟು ಮತ್ತು ಒಂದು ಗಟ್ಟಿ ಫೋನ್ ಹೋಲ್ಡರ್ ಸಾಕು. ಮ್ಯಾಪು, ಹಾಡು, ಕರೆ ಎಲ್ಲ ಫೋನಿನಲ್ಲೇ ಇದೆ, ಅಲ್ವಾ? ದೊಡ್ಡ ಸ್ಕ್ರೀನಿಗಾಗಿ ಡ್ಯಾಶ್‌ಬೋರ್ಡ್ ಕತ್ತರಿಸಲು ಮಾತ್ರ ಬಿಡಬೇಡಿ, ಕತ್ತರಿಸಿದ ಡ್ಯಾಶ್‌ಬೋರ್ಡ್ ಮತ್ತೆ ಸರಿಹೋಗುವುದಿಲ್ಲ, ಹೊಸ ಸದ್ದೊಂದು ಉಚಿತ. ಎಫ್‌ಎಂ ಮೂಲಕ ಹಾಡು ಕಳಿಸುವ ಸಣ್ಣ ಬ್ಲೂಟೂತ್ ಕಡ್ಡಿಗಳೂ ಸಿಗುತ್ತವೆ, ಬೆಂಗಳೂರಿನಂಥ ಕಡೆ ಎಫ್‌ಎಂ ಪಟ್ಟಿ ತುಂಬಿಹೋಗಿರುವುದರಿಂದ ಕರಕರ ಜಾಸ್ತಿ.

ಹೊರಗಿನಿಂದ ತಂದ ಸೆಟ್ಟುಗಳ ವೈರಿನ ಬಣ್ಣ ಬಹುತೇಕ ಒಂದೇ ಪದ್ಧತಿ. ಹಳದಿ ಅಂದರೆ ಯಾವಾಗಲೂ ಬ್ಯಾಟರಿ ಪ್ಲಸ್. ಕೆಂಪು ಕೀಲಿ ತಿರುಗಿಸಿದಾಗ ಮಾತ್ರ ಬರುವ ಪ್ಲಸ್. ಕಪ್ಪು ಅರ್ತು, ಅಂದರೆ ಕಾರಿನ ಲೋಹದ ಮೈಗೆ ಸೇರುವ ಮೈನಸ್. ಬಿಳಿ ಮುಂದಿನ ಎಡ ಸ್ಪೀಕರ್, ಬೂದಿ ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಅದೇ ಬಣ್ಣದ ಮೇಲೆ ಕಪ್ಪು ಗೆರೆ ಇದ್ದರೆ ಅದು ಆ ಸ್ಪೀಕರಿನ ಮೈನಸ್. ಕಾರಿನ ಕಡೆಯ ವೈರಿನ ಬಣ್ಣ ಇದಕ್ಕೆ ಹೊಂದಬೇಕು ಅಂತೇನಿಲ್ಲ, ಮಲ್ಟಿಮೀಟರಿನಲ್ಲಿ ನೋಡಿಯೇ ಸೇರಿಸಿ. ಪ್ರತಿ ಸಲ ಕಾರು ಆಫ್ ಮಾಡಿದಾಗ ಸೆಟ್ಟಿನ ಗಂಟೆ, ಸ್ಟೇಷನ್ ಎಲ್ಲ ಅಳಿಸಿ ಹೋಗುತ್ತಿದ್ದರೆ ಬಹುಮಟ್ಟಿಗೆ ಹಳದಿ ಕೆಂಪು ಅದಲು ಬದಲಾಗಿದೆ ಅಂತ ಅರ್ಥ. ಕೀಲಿ ತೆಗೆದ ಮೇಲೂ ಸೆಟ್ಟು ಆಫ್ ಆಗುತ್ತಿಲ್ಲ ಅಂದರೆ ಎರಡನ್ನೂ ಒಟ್ಟಿಗೆ ಬ್ಯಾಟರಿಗೆ ಕೊಟ್ಟಿದ್ದಾರೆ. ಕಾರಿನ ಹಳೇ ಪ್ಲಗ್ಗನ್ನು ಕತ್ತರಿಸದೆ, ಆ ಮಾಡೆಲ್ಲಿನ ಕಪ್ಲರ್ (ಕಾರಿನ ಪ್ಲಗ್ಗನ್ನೂ ಸೆಟ್ಟಿನ ವೈರನ್ನೂ ಜೋಡಿಸುವ ಪ್ಲಗ್) ತಂದು ನಡುವೆ ಹಾಕಿ.

ಡಬ್ಬದ ಮೇಲೆ 50 ವ್ಯಾಟ್ × 4 ಅಂತ ಬರೆದಿರುವುದನ್ನು ನಂಬಬೇಡಿ, ನಿಜವಾಗಿ ಬರುವುದು ಸ್ಪೀಕರಿಗೆ ಹದಿನೈದು ಇಪ್ಪತ್ತು ವ್ಯಾಟ್. ಅಷ್ಟು ಸಾಕು, ಕಾರಿನ ಒಳಗೆ ತಾನೇ. ಡ್ಯಾಂಪಿಂಗ್ ಹಾಕಿದ ಡೋರಿನಲ್ಲಿ ಸಾಧಾರಣ ಸ್ಪೀಕರ್ ಕೂಡ ಚೆನ್ನಾಗಿ ಹಾಡುತ್ತದೆ. ಕೊಳ್ಳುವಾಗ ಅಗಲದ ಜೊತೆ ಆಳವನ್ನೂ ಅಳೆಯಿರಿ, ಹಿಂದಿನ ಮ್ಯಾಗ್ನೆಟ್ಟು ಇಳಿದ ಗ್ಲಾಸಿಗೆ ತಾಗಬಾರದು.

ಇನ್ನು ಯುಎಸ್‌ಬಿ ಚಾರ್ಜರ್, ರಸ್ತೆಯನ್ನು ರೆಕಾರ್ಡ್ ಮಾಡುವ ಡ್ಯಾಶ್‌ಕ್ಯಾಮ್. ಸಿಗರೇಟ್ ಲೈಟರ್ ಸಾಕೆಟ್ಟಿಗೆ ಚುಚ್ಚುವುದಾದರೆ ಏನೂ ತೊಂದರೆ ಇಲ್ಲ. ಪ್ರತ್ಯೇಕ ವೈರು ಎಳೆಯುವುದಾದರೆ ಫ್ಯೂಸ್ ಬಾಕ್ಸಿನಿಂದ ಫ್ಯೂಸ್ ಟ್ಯಾಪ್ (ಫ್ಯೂಸಿನ ಜಾಗದಲ್ಲೇ ಕೂತು ಹೊಸ ಲೈನಿಗೆ ಬೇರೆ ಫ್ಯೂಸ್ ಕೊಡುವ ಕನೆಕ್ಟರ್) ಮೂಲಕ ತಗೊಳ್ಳಿ. 36 ವ್ಯಾಟಿನ ಚಾರ್ಜರ್ 12 ವೋಲ್ಟಿನಲ್ಲಿ 3 ಆಂಪಿಯರ್ ಎಳೆಯುತ್ತದೆ, 5 ಆಂಪಿಯರ್ ಫ್ಯೂಸ್ ಹಾಕಿದರೆ ಸರಿ. ಫ್ಯೂಸ್ ಇರುವುದು ವೈರನ್ನು ಕಾಪಾಡಲು. ಪದೇ ಪದೇ ಹೋಗುತ್ತದೆ ಅಂತ 10ರ ಕೆಂಪು ಫ್ಯೂಸ್ ತೆಗೆದು 20ರ ಹಳದಿ ಹಾಕಿದರೆ ಮುಂದೆ ಉರಿಯುವುದು ವೈರೇ. ಸಿಕ್ಕ ವೈರಿನ ಸಿಪ್ಪೆ ಸುಲಿದು, ಹೊಸದನ್ನು ತಿರುಚಿ, ಕಪ್ಪು ಟೇಪು ಸುತ್ತುವ ಕೆಲಸ ನಮ್ಮಲ್ಲಿ ಬಹಳ. ಕಾರಿನ ಬಿಸಿಗೆ ಆ ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಬೆಸುಗೆ ಅಥವಾ ಕ್ರಿಂಪ್ (ಲೋಹದ ತುಣುಕಿನಲ್ಲಿ ಒತ್ತಿ ಜೋಡಿಸುವುದು) ಮಾಡಿಸಿ, ಮೇಲೆ ಬಿಸಿ ಮಾಡಿದರೆ ಬಿಗಿಯಾಗುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿಸಿ. ಅರ್ತಿಗೆ ಬಣ್ಣ ಬಳಿದ ತಗಡು ಸಾಲದು, ಬೋಲ್ಟಿನ ಕೆಳಗಿನ ಬಣ್ಣ ಕೆರೆದು ಕೊಡಬೇಕು. ಡೋರಿಗೆ, ಡಿಕ್ಕಿ ಬಾಗಿಲಿಗೆ ಹೋಗುವ ವೈರು ರಬ್ಬರ್ ಕೊಳವೆಯ ಒಳಗಿಂದಲೇ ಹೋಗಬೇಕು.

ಡ್ಯಾಶ್‌ಕ್ಯಾಮ್ ಕೊಳ್ಳುವಾಗ ಒಳಗೆ ಲಿಥಿಯಂ ಬ್ಯಾಟರಿ ಇರುವುದಕ್ಕಿಂತ ಸೂಪರ್ ಕೆಪಾಸಿಟರ್ (ಬ್ಯಾಟರಿಯ ಬದಲು ಸ್ವಲ್ಪ ಹೊತ್ತು ಕರೆಂಟ್ ಹಿಡಿದಿಡುವ ಭಾಗ) ಇರುವುದು ಮೇಲು, ಗಾಜಿನ ಹಿಂದಿನ ಬಿಸಿಯಲ್ಲಿ ಬ್ಯಾಟರಿ ಊದಿಕೊಳ್ಳುತ್ತದೆ. ನಿಲ್ಲಿಸಿದಾಗಲೂ ರೆಕಾರ್ಡ್ ಆಗಬೇಕು ಅಂದರೆ ವೋಲ್ಟೇಜ್ ಇಳಿದಾಗ ತಾನೇ ಕಡಿತ ಮಾಡುವ ಕಿಟ್ ಹಾಕಿಸಿ. ರಿವರ್ಸ್ ಕ್ಯಾಮೆರಾದ ವೈರನ್ನು ರಿವರ್ಸ್ ಲೈಟಿಗೆ ಸೇರಿಸಿದರೆ ಗೇರ್ ಹಾಕಿದಾಗ ತಾನಾಗೇ ಬರುತ್ತದೆ.

ಬಿಸಿಲಿಗೆ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸೋಣ ಅಂತ ಅಂಗಡಿಯವರು ಹೇಳುತ್ತಾರೆ. 2012ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಹಾಕಿದ ಮೇಲೆ ಪೊಲೀಸರು ದಂಡ ಹಾಕುತ್ತಲೇ ಇದ್ದಾರೆ, ಸುಮ್ನೆ ತಲೆನೋವು. ನಿಲ್ಲಿಸಿದಾಗ ಮುಂದಿನ ಗಾಜಿಗೆ ಮಡಚುವ ಬೆಳ್ಳಿ ಬಣ್ಣದ ಪರದೆ ಇಡಿ, ಡ್ಯಾಶ್‌ಬೋರ್ಡ್ ಕೂಡ ಬಿರುಕು ಬಿಡದೆ ಉಳಿಯುತ್ತದೆ. ಡ್ಯಾಶ್‌ಬೋರ್ಡಿಗೆ ಫಳಫಳ ಹೊಳೆಯುವ ಪಾಲಿಶ್ ಬೇಡ, ಅದರ ನೆರಳು ಗಾಜಿನಲ್ಲಿ ಮೂಡಿ ಎದುರಿನ ರಸ್ತೆಯನ್ನೇ ಮಸುಕು ಮಾಡುತ್ತದೆ. ಹೊಳಪಿಲ್ಲದ, ನೀರಿನಲ್ಲಿ ಕರಗುವ ಬಗೆಯದು ತಗೊಳ್ಳಿ, ಸ್ಟೀರಿಂಗ್ ಮತ್ತು ಪೆಡಲ್ಲಿಗೆ ಅದನ್ನೂ ಹಚ್ಚಬೇಡಿ. ಸ್ಟೀರಿಂಗ್ ಕವರ್ ಹಾಕುವುದಾದರೆ ದಾರದಲ್ಲಿ ಹೊಲಿಯುವುದು ಹಾಕಿಸಿ. ಸುಮ್ಮನೆ ತೂರಿಸುವುದು ತಿರುವಿನಲ್ಲಿ ಕೈಯೊಳಗೆ ಜಾರುತ್ತದೆ.

ಎಲ್ಲ ವೈರಿನ ಕೆಲಸ ಮುಗಿದ ದಿನ, ಕಾರು ಆಫ್ ಇರುವಾಗ ಬ್ಯಾಟರಿಯಿಂದ ಕರೆಂಟ್ ಸೋರುತ್ತಿದೆಯಾ ಅಂತ ಒಂದು ಪರೀಕ್ಷೆ ಮಾಡಿ. ಎಲ್ಲ ಆಫ್ ಮಾಡಿ, ಬಾನೆಟ್ ತೆರೆದಿಟ್ಟು, ಡೋರು ಲಾಕ್ ಮಾಡಿ ಅರ್ಧ ಗಂಟೆ ಬಿಡಿ. ಬ್ಯಾಟರಿಯ ಮೈನಸ್ ಕಳಚಿ, ಮಲ್ಟಿಮೀಟರನ್ನು 10 ಆಂಪಿಯರ್ ತೂತಿಗೆ ಹಾಕಿ, ಮೈನಸ್ ಕಂಬಕ್ಕೂ ಕಳಚಿದ ಕೇಬಲ್ಲಿಗೂ ನಡುವೆ ಹಿಡಿಯಿರಿ. ಹೀಗೆ ಹಿಡಿದಿರುವಾಗ ಕೀಲಿ ತಿರುಗಿಸಬೇಡಿ, ಮೀಟರ್ ಹೋಗುತ್ತದೆ. ಹಿಡಿದ ಕೂಡಲೇ ಸ್ವಲ್ಪ ಜಾಸ್ತಿ ತೋರಿಸಿದರೆ ಒಂದೆರಡು ನಿಮಿಷ ಕಾದು ನೋಡಿ. ಆಮೇಲೆ 50 ಮಿಲಿ ಆಂಪಿಯರಿಗಿಂತ ಕಡಿಮೆ ಇದ್ದರೆ ನಿಶ್ಚಿಂತೆ. ಜಾಸ್ತಿಯೇ ಇದ್ದರೆ ಒಂದೊಂದೇ ಫ್ಯೂಸ್ ಕಿತ್ತು ನೋಡಿ. ಯಾವುದನ್ನು ಕಿತ್ತಾಗ ಮುಳ್ಳು ಇಳಿಯಿತೋ ಆ ಲೈನಿನಲ್ಲೇ ಹೊಸ ಕೆಲಸ ಎಡವಿದೆ. ಕಾರು ಅಂಗಡಿಯಲ್ಲೇ ಇರುವಾಗ ಇದನ್ನು ಮಾಡಿ ತೋರಿಸಿದರೆ ಅವರೇ ಸರಿಮಾಡಿ ಕೊಡುತ್ತಾರೆ. ಮೂರು ದಿನ ಬಿಟ್ಟು ಹೋದರೆ ನಿಮ್ಮ ಬ್ಯಾಟರಿ ಹಳೆಯದು ಸಾರ್ ಅನ್ನುತ್ತಾರೆ.